ಪಕ್ಕದ ಸೀಟಿನವನು ಎಷ್ಟು ಸಲ ಮಾತಾಡಿದ?

ಓದುಗರ ಪ್ರಶ್ನೆ, ನಿವೃತ್ತ ಕ್ಯಾಪ್ಟನ್ ಉತ್ತರ

ಹೋದ ಸಂಚಿಕೆಯಲ್ಲಿ "ಪೈಲಟ್‌ಗಳಿಗೆ ಆರು ತಿಂಗಳಿಗೊಮ್ಮೆ ಪರೀಕ್ಷೆ ಇರುತ್ತದೆ" ಅಂತ ಒಂದು ಸಾಲು ಬರೆದಿದ್ದೆ. ಅದೊಂದಕ್ಕೇ ಇಷ್ಟು ಕಾಗದ ಬರುತ್ತವೆ ಅಂದುಕೊಂಡಿರಲಿಲ್ಲ. ಐದನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಯಿತು. ಸಂಪಾದಕರು ಕತ್ತರಿ ಹಾಕದಿದ್ದರೆ ಸಾಕು.

ಪ್ರಶ್ನೆ: ಕ್ಯಾಪ್ಟನ್ ಸರ್, ನನ್ನ ಗಂಡ ಒಂಬತ್ತು ವರ್ಷದಿಂದ ಫಸ್ಟ್ ಆಫೀಸರ್, ಅಂದರೆ ಸಹಪೈಲಟ್. ಸೀನಿಯಾರಿಟಿ ಪ್ರಕಾರ ಈ ವರ್ಷ ಕ್ಯಾಪ್ಟನ್ ಆಗಬೇಕಿತ್ತು. ಸಿಮ್ಯುಲೇಟರ್ ಚೆಕ್‌ನಲ್ಲಿ ಫೇಲ್ ಅಂದರು. ಚೆಕ್ ಮಾಡಿದವರ ಜೊತೆ ಇವರಿಗೆ ಎರಡು ವರ್ಷದ ಹಿಂದೆ ಮಾತಿಗೆ ಮಾತು ಬೆಳೆದಿತ್ತಂತೆ. "ಬೇಕು ಅಂತಲೇ ಮಾಡಿದಾನೆ" ಅಂತಾರೆ. ರಾತ್ರಿ ನಿದ್ದೆ ಮಾಡಲ್ಲ. ನಮ್ಮ ಮಾವನವರಿಗೆ ಗೊತ್ತಿರುವವರೊಬ್ಬರು ದೆಹಲಿಯಲ್ಲಿದ್ದಾರೆ. ಅವರಿಂದ ಒಂದು ಫೋನ್ ಮಾಡಿಸಬಹುದಾ? (ಹೆಸರು ಬೇಡ, ಯಲಹಂಕ)

ಉತ್ತರ: ಮೊದಲು ಕೊನೆಯ ಪ್ರಶ್ನೆ ಮುಗಿಸಿಬಿಡೋಣ. ಬೇಡಮ್ಮಾ, ಆ ಫೋನ್ ಮಾಡಿಸಬೇಡಿ. ಅದರಿಂದ ಕೆಲಸ ಆಗದಿದ್ದರೆ ಪರವಾಗಿಲ್ಲ. ಆಗಿಬಿಟ್ಟರೆ ಕಷ್ಟ. ನಿಮ್ಮ ಯಜಮಾನರು ಎಡಗಡೆಯ ಕ್ಯಾಪ್ಟನ್ ಸೀಟಿನಲ್ಲಿ ಕೂತಾಗ, ಕೂರಿಸಿದ್ದು ಯಾರ ಫೋನು ಅಂತ ಇಡೀ ಕಂಪನಿಗೆ ಗೊತ್ತಿರುತ್ತದೆ. ಬಲಗಡೆ ಕೂತ ಸಹಪೈಲಟ್ ಹುಡುಗನಿಗೂ ಗೊತ್ತಿರುತ್ತದೆ.

ಈಗ ನನ್ನ ಕಥೆ ಕೇಳಿ. ನಾನೂ ಕಮಾಂಡ್ ಚೆಕ್‌ನಲ್ಲಿ, ಅಂದರೆ ಕ್ಯಾಪ್ಟನ್ ಆಗೋಕೆ ಕೊಡುವ ಪರೀಕ್ಷೆಯಲ್ಲಿ, ಫೇಲಾದವನೇ.

ನನಗೆ ಸಿಕ್ಕಿದ ಸ್ಲಾಟ್ ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ. ಸಿಮ್ಯುಲೇಟರ್‌ಗೆ ಹಗಲು ರಾತ್ರಿ ಇಲ್ಲ. ದುಬಾರಿ ಸಾಮಾನು, ಒಂದು ಗಂಟೆಯೂ ಖಾಲಿ ಬಿಡಲ್ಲ. ಹೊರಗಿನಿಂದ ನೋಡಿದರೆ ಆರು ಕಾಲಿನ ಮೇಲೆ ನಿಂತ ದೊಡ್ಡ ಬಿಳಿ ಡಬ್ಬ. ಒಳಗೆ ಹೋದರೆ ಥೇಟ್ ಕಾಕ್‌ಪಿಟ್. ಎಸಿ ಎಷ್ಟಿರುತ್ತದೆ ಅಂದರೆ ಏಪ್ರಿಲ್‌ನಲ್ಲೂ ಸ್ವೆಟರ್ ಹಾಕಿಕೊಂಡು ಹೋಗುತ್ತಿದ್ದೆವು. ಹೆಂಡತಿ ಫ್ಲಾಸ್ಕಿನಲ್ಲಿ ಕಾಫಿ ಹಾಕಿಕೊಟ್ಟಿದ್ದಳು. ಮುಚ್ಚಳ ತೆಗೆಯದೆ ಹಾಗೇ ವಾಪಸ್ ತಂದೆ.

ಮೊದಲ ಎರಡು ಗಂಟೆ ಚೆನ್ನಾಗಿ ಹೋಯಿತು. ಟೇಕಾಫ್ ಓಟದಲ್ಲಿ ವಿ-ಒನ್ ಅಂತ ಒಂದು ವೇಗ ಇರುತ್ತದೆ. ಅದು ದಾಟಿದ ಮೇಲೆ ಬ್ರೇಕ್ ಹಾಕಿ ನಿಲ್ಲಿಸೋಕೆ ಹೋಗಬಾರದು, ಹಾರಲೇಬೇಕು. ಪರೀಕ್ಷಕರು ಸರಿಯಾಗಿ ಅಲ್ಲೇ ಒಂದು ಎಂಜಿನ್ ಆಫ್ ಮಾಡುತ್ತಾರೆ. ಎಲ್ಲಾ ಪೈಲಟ್‌ಗಳಿಗೂ ಸಿಮ್ಯುಲೇಟರ್ ಚೆಕ್‌ನಲ್ಲಿ ಇದು ಇದ್ದದ್ದೇ. ಒಂದೇ ಎಂಜಿನ್‌ನಲ್ಲಿ ಸುತ್ತು ಹಾಕಿ ಬಂದು, ಇಳಿಯದೆ ಮತ್ತೆ ಮೇಲೆದ್ದು, ಎರಡನೇ ಸಲ ಇಳಿಸಿದೆ. ಒಳಗೊಳಗೇ ಬೀಗಿದೆ.

ಆಮೇಲೆ ಹಸಿರು ಹೈಡ್ರಾಲಿಕ್ ಕೈಕೊಟ್ಟಿತು. ಹೈಡ್ರಾಲಿಕ್ ಅಂದರೆ ದ್ರವದ ಒತ್ತಡದಿಂದ ವಿಮಾನದ ಭಾಗಗಳನ್ನು ಆಡಿಸುವ ವ್ಯವಸ್ಥೆ. ಏರ್‌ಬಸ್ 320ರಲ್ಲಿ ಅದು ಮೂರು: ಹಸಿರು, ನೀಲಿ, ಹಳದಿ. ಹಸಿರು ಹೋದರೆ ಚಕ್ರಗಳನ್ನು ಕೈಯಲ್ಲಿ ಹಿಡಿ ತಿರುಗಿಸಿ ಇಳಿಸಬೇಕು. ಒಮ್ಮೆ ಇಳಿಸಿದರೆ ಮತ್ತೆ ಮೇಲೆತ್ತೋಕೆ ಆಗಲ್ಲ. ಚಕ್ರ ಜೋತುಬಿಟ್ಟುಕೊಂಡು ಹಾರುವ ವಿಮಾನ ಇಂಧನ ಕುಡಿಯೋದನ್ನು ನೋಡಬೇಕು ನೀವು! ನಾವು ಹೋಗುತ್ತಿದ್ದದ್ದು ಚೆನ್ನೈಗೆ. ಅಲ್ಲಿ ಆಗದಿದ್ದರೆ ಬೆಂಗಳೂರು. ನಾನು ಚೆಕ್‌ಲಿಸ್ಟ್ ಓದಿಸಿದೆ, ಚಕ್ರ ಇಳಿಸು ಅಂದೆ. ಬಲಗಡೆ ಕೂತವನು, "ಸರ್, ಚೆನ್ನೈ ವೆದರ್ ಇನ್ನೊಂದ್ಸಲ ಕೇಳೋಣ್ವಾ, ಆಮೇಲೆ ಇಳಿಸೋಣ" ಅಂದ. "ಹೂಂ ಹೂಂ, ಮೊದಲು ಇದು ಮುಗಿಸು" ಅಂದೆ. ಇನ್ನೊಂದು ಸಲ ಅಂದ. ನಾನು ಉತ್ತರವನ್ನೇ ಕೊಡಲಿಲ್ಲ. ಚಕ್ರ ಇಳಿಯಿತು. ಎರಡು ನಿಮಿಷಕ್ಕೆ ಹಿಂದಿನಿಂದ ಪರೀಕ್ಷಕರ ದನಿ, ಕಂಟ್ರೋಲ್ ಟವರ್‌ನವರ ಥರ: ಚೆನ್ನೈನಲ್ಲಿ ಜೋರು ಮಳೆ, ರನ್‌ವೇ ಕಾಣಿಸುತ್ತಿಲ್ಲ. ಆ ಚಕ್ರ ಇಟ್ಟುಕೊಂಡು ಬೆಂಗಳೂರು ತಲುಪುವಷ್ಟು ಇಂಧನ ನನ್ನ ಹತ್ತಿರ ಇರಲಿಲ್ಲ.

ಲೈಟ್ ಹಾಕಿದರು. ಡಬ್ಬ ನಿಧಾನಕ್ಕೆ ಕೆಳಗೆ ಕೂತಿತು, ಡಬ್ಬಕ್ಕೆ ಹೋಗಿಬರುವ ಸೇತುವೆ ಗರ್ ಅಂತ ಇಳಿಯಿತು. ಪರೀಕ್ಷಕರು ಕೇಳಿದ್ದು ಒಂದೇ ಮಾತು: "ಪಕ್ಕದ ಸೀಟಿನವನು ಎಷ್ಟು ಸಲ ಮಾತಾಡಿದ?" ನನಗೆ ಒಂದು ಸಲದ್ದೂ ನೆನಪಿರಲಿಲ್ಲ.

ಅವರಿಗೂ ನನಗೂ ಹಿಂದೆ ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿಯ ವಿಷಯಕ್ಕೆ ಜಟಾಪಟಿ ಆಗಿತ್ತು. ಹಾಗಾಗಿ ಮೂರು ವಾರ ನಾನೂ ನಿಮ್ಮ ಯಜಮಾನರ ಮಾತನ್ನೇ ಆಡಿದೆ. ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದೆ. ಒಂದು ದಿನ ಸುಮ್ನೆ ಕೂತಿದ್ದಾಗ ಆ ವರದಿಯ ಹಾಳೆ ತೆಗೆದು ಓದಿದೆ. ಮೂರು ಸಾಲಿತ್ತು. ಸಹಪೈಲಟ್ ಎರಡು ಸಲ ಹವಾಮಾನ ಕೇಳಲು ಹೇಳಿದರು. ಕಮಾಂಡ್ ಅಭ್ಯರ್ಥಿ ಕೇಳಲಿಲ್ಲ. ಚಕ್ರ ಇಳಿಸುವ ಮುಂಚೆ ಇಂಧನದ ಲೆಕ್ಕ ಹಾಕಲಿಲ್ಲ. ಅಷ್ಟೇ. ನಮ್ಮ ಹೈಸ್ಕೂಲು ಕನ್ನಡ ಮೇಷ್ಟ್ರ ಭಾಷೆಯಲ್ಲಿ ಹೇಳೋದಾದರೆ, ಇಡೀ ಹಾಳೆಯಲ್ಲಿ ಒಂದು ಗುಣವಾಚಕ ಇರಲಿಲ್ಲ. ಬರೀ ಕ್ರಿಯಾಪದ.

ನೀವು ನೋಡಬೇಕಾದ್ದೂ ಅದನ್ನೇ. ಯಜಮಾನರ ವರದಿಯನ್ನು ಬರಹದಲ್ಲಿ ತರಿಸಿಕೊಳ್ಳಿ. "ಆತ್ಮವಿಶ್ವಾಸ ಸಾಲದು", "ಕ್ಯಾಪ್ಟನ್ ಗುಣ ಕಾಣುವುದಿಲ್ಲ" ಅಂತ ಬರೆದಿದ್ದಾರೆ, ಏನು ನಡೆಯಿತು ಅಂತ ಬರೆದಿಲ್ಲ ಅಂದರೆ ನಿಮ್ಮ ಅನುಮಾನಕ್ಕೆ ಜಾಗ ಇದೆ. "ಸಾವಿರ ಅಡಿಯಲ್ಲಿ ವೇಗ ಹೆಚ್ಚಿತ್ತು, ಆದರೂ ಇಳಿಯೋಕೆ ಹೋದರು" ಅಂತ ಬರೆದಿದ್ದರೆ ಜಗಳ ಆಡಿದ ಮನುಷ್ಯ ಬರೆದರೂ ಅದು ನಿಜವೇ. ಗುಣವಾಚಕದ ವರದಿ ಆಗಿದ್ದರೆ ಟ್ರೈನಿಂಗ್ ವಿಭಾಗಕ್ಕೆ ಲಿಖಿತವಾಗಿ ಬರೆಯಲಿ. ಹಳೆಯ ಮನಸ್ತಾಪವನ್ನೂ ಒಂದೇ ಸಾಲಿನಲ್ಲಿ, ಬೈಗುಳ ಇಲ್ಲದೆ ಬರೆಯಲಿ. ಎರಡನೇ ಚೆಕ್‌ಗೆ ಬೇರೆ ಪರೀಕ್ಷಕರು ಬೇಕು ಅಂತ ಕೇಳಲಿ. ಅದು ಭಿಕ್ಷೆ ಅಲ್ಲ, ನ್ಯಾಯವಾದ ಕೋರಿಕೆ. ಮಧ್ಯೆ ತರಬೇತಿ ಕೊಡುವವರು ಒಬ್ಬರು, ಚೆಕ್ ಮಾಡುವವರು ಇನ್ನೊಬ್ಬರು ಇರಲಿ. ತಾನೇ ಕಲಿಸಿದ ಶಿಷ್ಯನನ್ನು ಫೇಲ್ ಮಾಡೋಕೆ ಯಾವ ಗುರುವಿಗೂ ಮನಸ್ಸು ಬರಲ್ಲ.

ಹಾಗೆ ಮನಸ್ಸು ಬರದೇ ಇದ್ದ ಗುರುಗಳಲ್ಲಿ ನಾನೂ ಒಬ್ಬ. ಮುಂದೆ ನಾನು ಪರೀಕ್ಷಕನಾದೆ. ಒಬ್ಬರು ಬಂದರು, ನನಗಿಂತ ನಾಲ್ಕೈದು ವರ್ಷ ಚಿಕ್ಕವರು, ಒಳ್ಳೇ ಮನುಷ್ಯ, ಮುಂದಿನ ವಾರ ಮಗಳ ಮದುವೆ. ಒಂದು ಎಂಜಿನ್‌ನ ಗೋ-ಅರೌಂಡ್, ಅಂದರೆ ಇಳಿಯೋದು ಬಿಟ್ಟು ಮತ್ತೆ ಮೇಲೇಳೋದು, ಕೆಟ್ಟಿತು. ಇನ್ನೊಂದು ಅವಕಾಶ ಕೊಟ್ಟೆ. ಅದೂ ಕೆಟ್ಟಿತು. ನಿಲ್ಲಿಸಬೇಕಿತ್ತು. ನಾನು ಮೂರನೇ ಸಲ ಕೊಟ್ಟೆ, ಮಧ್ಯೆ "ರಡರ್, ರಡರ್" ಅಂತ, ವಿಮಾನ ನೇರ ಇಡೋ ಪೆಡಲ್ ಒತ್ತು ಅಂತ, ಬಾಯಿಬಿಟ್ಟೂ ಹೇಳಿದೆ. ಬಂತು. "ತೃಪ್ತಿಕರ" ಅಂತ ಬರೆದು ಸಹಿ ಹಾಕಿದೆ. ಮದುವೆಗೂ ಹೋಗಿದ್ದೆ, ಹೋಳಿಗೆ ಊಟ.

ಅವತ್ತಿನಿಂದ ಬೆಳಿಗ್ಗೆ ಎದ್ದರೆ ರೋಸ್ಟರ್‌ನಲ್ಲಿ ಅವರ ಹೆಸರು ಎಲ್ಲಿದೆ ಅಂತ ಹುಡುಕೋದು. ಅವರ ವಿಮಾನ ಹತ್ತು ನಿಮಿಷ ತಡ ಅಂದರೆ ಹೊಟ್ಟೆಯಲ್ಲಿ ಏನೋ ಆಗೋದು. ಒಂದೂವರೆ ತಿಂಗಳಾದ ಮೇಲೆ ತಡೆಯೋಕಾಗದೆ ಟ್ರೈನಿಂಗ್ ವಿಭಾಗಕ್ಕೆ ಹೋಗಿ ಒಪ್ಪಿಕೊಂಡೆ, ಅವರಿಗೆ ಇನ್ನೊಂದು ಸಿಮ್ಯುಲೇಟರ್ ಚೆಕ್ ಹಾಕಿ ಅಂದೆ. ಆ ಪೈಲಟ್ ನನ್ನ ಮೇಲೆ ರೇಗಾಡಿದರು. "ಪಾಸ್ ಅಂತ ಸಹಿ ಹಾಕಿದ್ದೂ ನೀವೇ, ಈಗ ಬೆನ್ನ ಹಿಂದೆ ಹೇಳಿದ್ದೂ ನೀವೇ!" ಅವರು ಹೇಳಿದ್ದರಲ್ಲಿ ತಪ್ಪೇನಿದೆ? ದ್ವೇಷದಿಂದ ಫೇಲ್ ಮಾಡಿದವರಿಗಿಂತ ನಾನು ಮಾಡಿದ್ದು ಕಡಿಮೆ ಅನ್ಯಾಯ ಅಂತ ನನಗನ್ನಿಸಲ್ಲ. ಅವರಿಗೂ ಅನ್ಯಾಯ, ಹಿಂದೆ ಕೂತ 180 ಜನಕ್ಕೂ ಅನ್ಯಾಯ.

ನಿಮ್ಮ ಯಜಮಾನರಿಗೆ ಹೇಳಿ, ಒಂಬತ್ತು ವರ್ಷದ ಸೀನಿಯಾರಿಟಿ ಸರದಿಯನ್ನು ಕೊಡುತ್ತದೆ, ಸೀಟನ್ನಲ್ಲ. ಇದನ್ನು ಇವತ್ತೇ ಹೇಳಬೇಡಿ, ನಾಲ್ಕು ದಿನ ಬಿಟ್ಟು ಹೇಳಿ. ಇವತ್ತು ನಿದ್ದೆ ಮಾಡಲಿ.

ಪ್ರಶ್ನೆ: ಪರೀಕ್ಷಕರನ್ನು ಪರೀಕ್ಷೆ ಮಾಡೋರು ಯಾರು ಸ್ವಾಮಿ? (ಒಂದೇ ಸಾಲಿನ ಕಾರ್ಡು, ಮೈಸೂರು)

ಉತ್ತರ: ಇನ್ನೊಬ್ಬ ಪರೀಕ್ಷಕ. ಅವರಿಗೂ ಆರು ತಿಂಗಳಿಗೊಮ್ಮೆ ಅದೇ ಡಬ್ಬ, ಅದೇ ವಿ-ಒನ್. ಇದರ ಜೊತೆಗೆ ಡಿಜಿಸಿಎ, ಅಂದರೆ ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆಯ ಅಧಿಕಾರಿಗಳು ಬಂದು ಹಿಂದೆ ಕೂತು, ಇವರು ಚೆಕ್ ಮಾಡೋದನ್ನೇ ಚೆಕ್ ಮಾಡುತ್ತಾರೆ. ಅವತ್ತು ಎಲ್ಲರೂ ಬಹಳ ನ್ಯಾಯವಂತರಾಗಿರುತ್ತೇವೆ!

ಪ್ರಶ್ನೆ: 1990ರಲ್ಲಿ ಚಲ್ಲಘಟ್ಟದ ಹತ್ತಿರ ಬಾಡಿಗೆ ಮನೆಯಲ್ಲಿದ್ದೆ. ಗಾಲ್ಫ್ ಮೈದಾನದಲ್ಲಿ ವಿಮಾನ ಬಿದ್ದ ದಿನ ಹೊಗೆ ಕಣ್ಣಾರೆ ಕಂಡವನು. ಆ ವಿಮಾನದಲ್ಲಿ ಒಬ್ಬ ಪೈಲಟ್‌ಗೆ ಪರೀಕ್ಷೆ ನಡೆಯುತ್ತಿತ್ತು ಅಂತ ಪೇಪರಿನಲ್ಲಿ ಓದಿದ ನೆನಪು. ಜನರನ್ನು ಕೂರಿಸಿಕೊಂಡು ಪರೀಕ್ಷೆ ಮಾಡೋದು ಸರಿಯೇ? (ನಿವೃತ್ತ ಕಾರ್ಖಾನೆ ನೌಕರ, ಬೆಂಗಳೂರು)

ಉತ್ತರ: ನಿಮ್ಮ ನೆನಪು ಸರಿ ಇದೆ, ಹಿರಿಯರೇ. 1990ರ ಫೆಬ್ರವರಿ 14, ಮಧ್ಯಾಹ್ನ. ಬಾಂಬೆಯಿಂದ ಬರುತ್ತಿದ್ದ ಇಂಡಿಯನ್ ಏರ್‌ಲೈನ್ಸ್ 605. 146 ಜನರಲ್ಲಿ 92 ಜನ ತೀರಿಕೊಂಡರು. ಮಳೆ ಇರಲಿಲ್ಲ, ಮಂಜು ಇರಲಿಲ್ಲ, ವಿಮಾನ ಹೊಚ್ಚ ಹೊಸದು. ಎಡಗಡೆ ಕೂತವರು ಬೇರೆ ವಿಮಾನಗಳಲ್ಲಿ ಸಾವಿರಾರು ಗಂಟೆ ಹಾರಿಸಿದವರು. ಆದರೆ ಏರ್‌ಬಸ್ 320 ದೇಶಕ್ಕೇ ಹೊಸದು. ಅದರಲ್ಲಿ ಕ್ಯಾಪ್ಟನ್ ಆಗಲು ಬೇಕಾದ ರೂಟ್ ಚೆಕ್‌ಗಳಲ್ಲಿ, ಅಂದರೆ ನಿಜವಾದ ಪ್ರಯಾಣದಲ್ಲೇ ಮಾಡುವ ಪರೀಕ್ಷೆಗಳಲ್ಲಿ, ಅವರದು ಅದೇ ಮೊದಲನೆಯದು. ಬಲಗಡೆ ಚೆಕ್ ಕ್ಯಾಪ್ಟನ್. ಅಂದರೆ ಪರೀಕ್ಷಕರೂ ಅವರೇ, ಸಹಪೈಲಟ್ ಕೆಲಸ ಮಾಡಬೇಕಾದವರೂ ಅವರೇ.

ಇಳಿಯುವಾಗ ವಿಮಾನ "ಓಪನ್ ಡಿಸೆಂಟ್" ಅನ್ನುವ ಸ್ಥಿತಿಗೆ ಹೋಗಿಬಿಟ್ಟಿತ್ತು. ಅದರಲ್ಲಿ ಎಂಜಿನ್ ಸುಮ್ಮನಿರುತ್ತದೆ, ತಾನಾಗಿ ಶಕ್ತಿ ಹೆಚ್ಚಿಸಲ್ಲ. ನೆಲದ ಹತ್ತಿರ ಅದು ಇರಲೇಬಾರದು. ಚೆಕ್ ಕ್ಯಾಪ್ಟನ್ ಅದನ್ನು ಗಮನಿಸಿದರು, ಕೇಳಿದರು ಕೂಡ. ಅದರಿಂದ ಹೊರಬರಲು ಫ್ಲೈಟ್ ಡೈರೆಕ್ಟರ್ ಅನ್ನೋದನ್ನು, ಅಂದರೆ ಪೈಲಟ್‌ಗೆ ಪರದೆಯ ಮೇಲೆ ದಾರಿ ತೋರಿಸುವ ಸಾಧನವನ್ನು, ಎರಡೂ ಕಡೆ ಆಫ್ ಮಾಡಬೇಕು. ಎಡಗಡೆಯವರು ತಮ್ಮದನ್ನು ಆಫ್ ಮಾಡಿದರು. ಬಲಗಡೆಯದು ಆನ್ ಆಗಿಯೇ ಉಳಿಯಿತು. ಅದರ ಬಗ್ಗೆಯೂ ಒಂದು ಮಾತು ಬಂತು, ಆದರೆ ಯಾರ ಕೈಯೂ ಸ್ವಿಚ್ಚಿಗೆ ಹೋಗಲಿಲ್ಲ. 400 ಅಡಿ, 300 ಅಡಿ, 200 ಅಡಿ ಅಂತ ಯಂತ್ರ ಕೂಗುತ್ತಲೇ ಇತ್ತು. ವೇಗ ಬೀಳುತ್ತಿತ್ತು. ಎಂಜಿನ್ ಶಕ್ತಿ ಹೆಚ್ಚಿಸುವ ಥ್ರಾಟಲ್ ಮುಂದೆ ತಳ್ಳಿದ್ದು ಕೊನೇ ಗಳಿಗೆಯಲ್ಲಿ. ಸುಮ್ಮನಿದ್ದ ಎಂಜಿನ್‌ಗೆ ಶಕ್ತಿ ಬರೋಕೆ ಕೆಲವು ಸೆಕೆಂಡು ಬೇಕು, ಅಷ್ಟು ಸೆಕೆಂಡು ಉಳಿದಿರಲಿಲ್ಲ. ರನ್‌ವೇಗಿಂತ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲ ಮುಟ್ಟಿ, ಮುಂದೆ ಏರಿಗೆ ಬಡಿಯಿತು. ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಶಿವಶಂಕರ ಭಟ್ ಅವರ ನೇತೃತ್ವದಲ್ಲಿ ವಿಚಾರಣೆ ಆಯಿತು. ಆಗ ಹೊಸ ವಿಮಾನದ ಮೇಲೇ ಎಲ್ಲರ ಅನುಮಾನ ಇತ್ತು. ವಿಚಾರಣೆ ಬೆರಳು ತೋರಿಸಿದ್ದು ಇಬ್ಬರೂ ವೇಗವನ್ನು ನೋಡಲಿಲ್ಲ, ಪರಿಸ್ಥಿತಿಯನ್ನು ಬೇಗ ಅರಿಯಲಿಲ್ಲ ಅನ್ನುವ ಕಡೆಗೆ.

ಪರೀಕ್ಷಕನಾಗಿದ್ದವನು ಈ ಕಥೆ ಓದಿದರೆ ಬೆನ್ನು ತಣ್ಣಗಾಗುತ್ತದೆ. ಯಾಕಂದರೆ ಆ ಸೀಟಿನ ಸಂಕಟ ನನಗೆ ಗೊತ್ತು. ಪರೀಕ್ಷಕ ಕೈ ಹಾಕಿದ ಅಂದರೆ ಎದುರಿನವನು ಫೇಲ್. ಹಾಗಾಗಿ ಕೈ ತಡೆಯುತ್ತದೆ. ತಾನೇ ಸರಿ ಮಾಡಿಕೊಳ್ಳಲಿ, ಇನ್ನೊಂದು ಸೆಕೆಂಡು ನೋಡೋಣ ಅನ್ನಿಸುತ್ತದೆ. ಪರೀಕ್ಷೆ ಕೊಡುವವನಿಗೆ ಇದರ ಉಲ್ಟಾ. ತಪ್ಪಾಗಿದ್ದರೆ ಸಾಹೇಬರು ಹೇಳುತ್ತಿದ್ದರು, ಹೇಳಿಲ್ಲ ಅಂದರೆ ಸರಿಯೇ ಇರಬೇಕು ಅಂತ. ಅವತ್ತು ಆ ಇಬ್ಬರ ತಲೆಯಲ್ಲಿ ಇದೇ ಇತ್ತು ಅಂತ ನಾನು ಹೇಳಲಾರೆ. ನನ್ನ ತಲೆಯಲ್ಲಿ ಎಷ್ಟೋ ಸಲ ಇತ್ತು.

ನಿಮ್ಮ ಪ್ರಶ್ನೆಗೆ ಉತ್ತರ: ರೂಟ್ ಚೆಕ್ ಇವತ್ತಿಗೂ ಪ್ರಯಾಣಿಕರ ವಿಮಾನದಲ್ಲೇ ನಡೆಯುತ್ತದೆ, ಪ್ರಪಂಚದಲ್ಲೆಲ್ಲ ಹಾಗೇ. ನಡೆಯಬೇಕು ಕೂಡ. ನಿಜವಾದ ಮಳೆ, ನಿಜವಾದ ಟ್ರಾಫಿಕ್ಕು, ತಡವಾದ ವಿಮಾನದ ಗಡಿಬಿಡಿ ಸಿಮ್ಯುಲೇಟರ್‌ನಲ್ಲಿ ಪೂರ್ತಿ ಸಿಗಲ್ಲ. ಆದರೆ ಬೇಕಂತಲೇ ಎಂಜಿನ್ ಆಫ್ ಮಾಡೋದು, ಗಂಡಾಂತರ ತಂದಿಡೋದು ಯಾವುದೂ ಅಲ್ಲಿ ಇರಲ್ಲ. ಅವೆಲ್ಲ ಡಬ್ಬದೊಳಗೆ ಮಾತ್ರ. ನಾನು ರೂಟ್ ಚೆಕ್‌ಗೆ ಹೋದರೆ ಬಾಗಿಲು ಹಾಕುವ ಮುಂಚೆ ಎದುರಿನವರಿಗೆ ಹೇಳುತ್ತಿದ್ದೆ: "ವಿಮಾನ ನಿಂತು ಪಾರ್ಕಿಂಗ್ ಬ್ರೇಕ್ ಹಾಕೋವರೆಗೂ ನಾನು ನಿಮ್ಮ ಸಹಪೈಲಟ್. ಪೆನ್ನು ತೆಗೆಯೋದು ಆಮೇಲೆ." ಪೆನ್ನನ್ನು ನಿಜವಾಗಲೂ ಬ್ಯಾಗಿನಲ್ಲಿಟ್ಟು ಜಿಪ್ ಎಳೆಯುತ್ತಿದ್ದೆ. ಕೆಲವರು ನಗುತ್ತಿದ್ದರು. ನಗಲಿ.

ಪ್ರಶ್ನೆ: ನಮ್ಮ ಬಜ್ಪೆ ವಿಮಾನ ದುರಂತದಲ್ಲಿ ಸಹಪೈಲಟ್ ಇಳಿಯೋದು ಬೇಡ ಅಂತ ಹೇಳಿದ್ದರಂತೆ. ಹಾಗಿದ್ದರೆ ಕಂಟ್ರೋಲ್ ಕಿತ್ತುಕೊಳ್ಳಬಹುದಿತ್ತಲ್ಲ? ಬಡ್ತಿಯ ಹೆದರಿಕೆಯಾ? (ಶಿಕ್ಷಕಿ, ಕಾವೂರು, ಮಂಗಳೂರು)

ಉತ್ತರ: 2010ರ ಮೇ 22. 166 ಜನರಲ್ಲಿ ಬದುಕಿದ್ದು 8 ಜನ. ಸಹಪೈಲಟ್ ಮೂರು ಸಲ ಗೋ-ಅರೌಂಡ್ ಅಂದಿದ್ದರು, ಯಂತ್ರದ ಎಚ್ಚರಿಕೆಗಳೂ ಬರುತ್ತಿದ್ದವು ಅಂತ ವಿಚಾರಣಾ ವರದಿಯಲ್ಲೇ ಇದೆ. ಪ್ರಯಾಣದ ಬಹುಪಾಲು ಹೊತ್ತು ಕ್ಯಾಪ್ಟನ್ ನಿದ್ದೆ ಮಾಡಿದ್ದರು ಅಂತಲೂ ಇದೆ. ಸುಮಾರು 8000 ಅಡಿ ರನ್‌ವೇಯಲ್ಲಿ ವಿಮಾನ ನೆಲ ಮುಟ್ಟಿದ್ದು 5200 ಅಡಿ ಕಳೆದ ಮೇಲೆ.

ಆ ಸಹಪೈಲಟ್ ಮನಸ್ಸಿನಲ್ಲಿ ಏನಿತ್ತು ಅಂತ ಊಹಿಸಿ ಬರೆಯೋದು ನನಗೆ ಇಷ್ಟವಿಲ್ಲ. ಬೇರೆ ಒಂದು ಕಥೆ ಹೇಳುತ್ತೇನೆ. 1977ರ ಮಾರ್ಚ್ 27, ಸ್ಪೇನ್ ದೇಶದ ಟೆನೆರೀಫ್ ದ್ವೀಪ. ಮಂಜಿನಲ್ಲಿ ಎರಡು ಬೋಯಿಂಗ್ 747 ಜಂಬೋ ವಿಮಾನಗಳು ರನ್‌ವೇ ಮೇಲೇ ಡಿಕ್ಕಿ ಹೊಡೆದು 583 ಜನ ಸತ್ತರು. ಅನುಮತಿ ಇಲ್ಲದೆ ಟೇಕಾಫ್ ಶುರು ಮಾಡಿದ, ಹಾಲೆಂಡಿನ ಕೆಎಲ್ಎಂ ಕಂಪನಿಯ ಕ್ಯಾಪ್ಟನ್ ಆ ಕಂಪನಿಯ 747 ತರಬೇತಿಯ ಮುಖ್ಯಸ್ಥರು. ಪಕ್ಕದಲ್ಲಿದ್ದ ಸಹಪೈಲಟ್‌ಗೆ 747ರ ಚೆಕ್ ಮಾಡಿ ಪಾಸ್ ಮಾಡಿದ್ದವರೂ ಅವರೇ, ಅದೂ ಸುಮಾರು ಎರಡೇ ತಿಂಗಳ ಹಿಂದೆ. ನಿಮ್ಮ ಹೆಡ್‌ಮಾಸ್ಟರ್ ಬೋರ್ಡ್ ಮೇಲೆ ತಪ್ಪು ಲೆಕ್ಕ ಹಾಕುತ್ತಿದ್ದಾರೆ, ಇನ್ಸ್‌ಪೆಕ್ಟರ್ ಮುಂದೆ ನೀವು ಎದ್ದು ನಿಂತು ಹೇಳಬೇಕು ಅಂದುಕೊಳ್ಳಿ. ಹೇಳುತ್ತೀರಿ, ಆದರೆ ಮೆತ್ತಗೆ ಹೇಳುತ್ತೀರಿ ಅಲ್ವಾ?

ಇಂಥವುಗಳಿಂದಲೇ ಚೆಕ್‌ನ ಸ್ವರೂಪ ಬದಲಾಯಿತು. ಈಗ ಸಿಮ್‌ನಲ್ಲಿ, ಅಂದರೆ ಸಿಮ್ಯುಲೇಟರ್‌ನಲ್ಲಿ, ಕ್ಯಾಪ್ಟನ್ ಮಾತೇ ಆಡದೆ ಕುಸಿದಂತೆ ನಟಿಸುತ್ತಾನೆ. ಎರಡು ಸಲ ಕರೆದು ಉತ್ತರ ಬರದಿದ್ದರೆ ಸಹಪೈಲಟ್ ಕಂಟ್ರೋಲ್ ತೆಗೆದುಕೊಳ್ಳಲೇಬೇಕು. ತೆಗೆದುಕೊಳ್ಳದಿದ್ದರೆ ಅವನು ಫೇಲ್. ಆದರೆ ನಿಮ್ಮ ಕೊನೆಯ ಮಾತಿನಲ್ಲಿ ಸತ್ಯ ಇದೆ. ಯಾವ ಕಂಪನಿಯಲ್ಲಿ ಗೋ-ಅರೌಂಡ್ ಮಾಡಿದವರಿಗೆ "ಯಾಕೆ ಮಾಡಿದೆ" ಅಂತ ನೋಟೀಸ್ ಹೋಗುತ್ತದೋ, ಯಾವ ಕಂಪನಿಯಲ್ಲಿ ಕ್ಯಾಪ್ಟನ್‌ಗೆ ಎದುರು ಹೇಳಿದ್ದು ಬಡ್ತಿಯ ಫೈಲಿನಲ್ಲಿ "ಒರಟು ಸ್ವಭಾವ" ಅಂತ ದಾಖಲಾಗುತ್ತದೋ, ಅಲ್ಲಿ ಸಿಮ್‌ನಲ್ಲಿ ಕಲಿತದ್ದು ಸಿಮ್‌ನಲ್ಲೇ ಉಳಿಯುತ್ತದೆ.

ಪ್ರಶ್ನೆ: ಸರ್, ನಾನು ಸೆಕೆಂಡ್ ಪಿಯುಸಿ. ಪೈಲಟ್ ಆಗೋ ಆಸೆ. ಎಷ್ಟು ಸಲ ಫೇಲ್ ಆದರೆ ಕೆಲಸ ಹೋಗುತ್ತೆ? ಅಪ್ಪ ಅಡಿಕೆ ತೋಟದ ಮೇಲೆ ಸಾಲ ತೆಗೆಯೋಕೆ ರೆಡಿ ಇದ್ದಾರೆ. (ಚನ್ನಗಿರಿ)

ಉತ್ತರ: ತಮ್ಮಾ, ಸೇರುವ ಮುಂಚೆನೇ ಫೇಲ್ ಲೆಕ್ಕ ಹಾಕಿದೆಯಲ್ಲ, ಭಲೇ. ಆರ್‌ಟಿಒದಲ್ಲಿ ಬೈಕಲ್ಲಿ ಎಂಟು ಹಾಕಿ ಒಂದು ಸಲ ಪಾಸಾದರೆ ವರ್ಷಗಟ್ಟಲೆ ಯಾರೂ ಕೇಳಲ್ಲ. ಇಲ್ಲಿ ಆರು ತಿಂಗಳಿಗೊಮ್ಮೆ ಎಂಟು ಹಾಕಬೇಕು. ಒಂದು ಸಲ ಫೇಲಾದರೆ ತರಬೇತಿ ಕೊಟ್ಟು ಮತ್ತೆ ಚೆಕ್ ಮಾಡುತ್ತಾರೆ, ಅಲ್ಲಿವರೆಗೆ ಹಾರಿಸುವಂತಿಲ್ಲ. ಮತ್ತೆ ಮತ್ತೆ ಅದೇ ಜಾಗದಲ್ಲಿ ಎಡವುತ್ತಿದ್ದರೆ ಕುತ್ತು. ಅಮೆರಿಕದ ಬಫಲೋ ಹತ್ತಿರ 2009ರ ಫೆಬ್ರವರಿ 12ರಂದು ಒಂದು ವಿಮಾನ ಮನೆಯ ಮೇಲೆ ಬಿದ್ದು 50 ಜನ ಸತ್ತರು. ವಿಮಾನ ವೇಗ ಕಳೆದುಕೊಂಡು ಎಚ್ಚರಿಕೆ ಕೊಟ್ಟಾಗ ಮೂತಿ ತಗ್ಗಿಸಬೇಕಿತ್ತು, ಕ್ಯಾಪ್ಟನ್ ಎತ್ತಿದರು. ಅವರು ಹಿಂದೆ ಹಲವು ಚೆಕ್‌ಗಳಲ್ಲಿ ಫೇಲಾಗಿದ್ದರು, ಅದರಲ್ಲಿ ಕೆಲವನ್ನು ಕೆಲಸಕ್ಕೆ ಸೇರುವಾಗ ಹೇಳಿರಲಿಲ್ಲ. ಅದಾದ ಮೇಲೆ ಅಲ್ಲಿ ಕಾನೂನೇ ಬದಲಾಯಿತು, ಪೈಲಟ್‌ನ ಹಳೇ ದಾಖಲೆಗಳನ್ನು ಹೊಸ ಕಂಪನಿ ನೋಡಲೇಬೇಕು ಅಂತ ಆಯಿತು. ಹಾಗಾಗಿ ನೀನು ಫೇಲಾದರೆ ಆಗು, ಮುಚ್ಚಿಡಬೇಡ.

ತೋಟದ ಪತ್ರ ಬ್ಯಾಂಕಿಗೆ ಕೊಡುವ ಮುಂಚೆ ಡಿಜಿಸಿಎ ಪಟ್ಟಿಯಲ್ಲಿರುವ ಡಾಕ್ಟರ ಹತ್ತಿರ ಕ್ಲಾಸ್ 2 ಮೆಡಿಕಲ್ ಮಾಡಿಸು, ಆಮೇಲೆ ಕ್ಲಾಸ್ 1. ಕಣ್ಣು, ಕಿವಿ, ಇಸಿಜಿ ಎಲ್ಲಾ ನೋಡುತ್ತಾರೆ. ಬಣ್ಣ ಗುರುತಿಸೋದು ಬರಲ್ಲ ಅಂತ ಅಲ್ಲಿ ಗೊತ್ತಾದರೆ ಹೋಗೋದು ಕೆಲವು ಸಾವಿರ. ಫ್ಲೈಯಿಂಗ್ ಸ್ಕೂಲಿಗೆ ಫೀಸು ಕಟ್ಟಿದ ಮೇಲೆ ಗೊತ್ತಾದರೆ ತೋಟ ಹೋಗುತ್ತದೆ. ಎರಡೂ ಪಾಸಾದ ಮೇಲೆ ಇನ್ನೊಂದು ಕಾಗದ ಬರಿ, ಸ್ಕೂಲುಗಳ ವಿಷಯ ಅವಾಗ ಮಾತಾಡೋಣ.